ಅಂಚಿನ ಹೊತ್ತು ಯಾರ ಲೆಕ್ಕಕ್ಕೆ?

ಶರತ್ಕಾಲದ ವಿಷುವ ದಿನದಂದು ಹಗಲೂ ಇರುಳೂ ಸಮ ಎಂದು ನಾವೆಲ್ಲ ಶಾಲೆಯಲ್ಲಿ ಕಲಿತವರೇ. ಸೆಪ್ಟೆಂಬರ್ 22 ಅಥವಾ 23ರಂದು ಅದು ಬರುತ್ತದೆ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ಓರೆಯಾಗಿರುವುದರಿಂದ ವರ್ಷದ ಅರ್ಧಭಾಗ ಉತ್ತರ ಗೋಳಾರ್ಧ ಸೂರ್ಯನತ್ತ ಬಾಗಿರುತ್ತದೆ, ಉಳಿದರ್ಧ ದಕ್ಷಿಣ ಗೋಳಾರ್ಧ. ವಿಷುವದಂದು ಆ ಓರೆ ಸೂರ್ಯನ ಕಡೆಗೂ ಇಲ್ಲ, ಅವನಿಗೆ ವಿಮುಖವಾಗಿಯೂ ಇಲ್ಲ. ಬೆಳಕು-ಕತ್ತಲೆಗಳ ಗಡಿರೇಖೆ ಎರಡೂ ಧ್ರುವಗಳನ್ನು ಹಾದು, ಪ್ರತಿಯೊಂದು ಊರಿನ ದಿನವನ್ನೂ ಎರಡು ಸಮಪಾಲು ಮಾಡುತ್ತದೆ. ನಮ್ಮ ಹಿಂದೂಪುರಕ್ಕೂ ನಿಮ್ಮ ಕಾಸರಗೋಡಿಗೂ ದೂರದ ಮಾಸ್ಕೋ ನಗರಕ್ಕೂ ಒಂದೇ ನ್ಯಾಯ.

ಆದರೆ ಗಡಿಯಾರ ಹಿಡಿದು ಕುಳಿತರೆ ಲೆಕ್ಕ ಹೊಂದುವುದಿಲ್ಲ. ಹಿಂದೂಪುರದಲ್ಲಿ ಅಂದಿನ ಹಗಲು 12 ಗಂಟೆಗಿಂತ ಸುಮಾರು 7 ನಿಮಿಷ ಹೆಚ್ಚು. ಇದಕ್ಕೆ ಕಾರಣ ಎರಡು. ಸೂರ್ಯ ಚುಕ್ಕೆಯಲ್ಲ, ಬಿಂಬ. ಅದರ ಮೇಲಂಚು ಕಂಡೊಡನೆ ಉದಯವೆನ್ನುತ್ತೇವೆ, ಆ ಅಂಚೂ ಮರೆಯಾದ ಮೇಲಷ್ಟೇ ಅಸ್ತವೆನ್ನುತ್ತೇವೆ. ಜೊತೆಗೆ ವಾತಾವರಣ ಬೆಳಕನ್ನು ಬಾಗಿಸಿ, ದಿಗಂತದ ಕೆಳಗಿರುವ ಸೂರ್ಯನನ್ನೂ ಮೇಲೆತ್ತಿ ತೋರಿಸುತ್ತದೆ. ಹೀಗಾಗಿ ಇಲ್ಲಿ ಹಗಲಿರುಳು ನಿಜವಾಗಿ ಸಮವಾಗುವುದು ಅಕ್ಟೋಬರ್ 1ರ ಸುಮಾರಿಗೆ.

ಬೆಳಕು ಬಾಗುವುದು ಪ್ರಕೃತಿಯ ಕೆಲಸ. ಅಂಚಿನ ಹೊತ್ತನ್ನು ಹಗಲಿನ ಖಾತೆಗೆ ಬರೆದದ್ದು ಮಾತ್ರ ಮನುಷ್ಯರ ಒಪ್ಪಂದ. ಹಾಗಾದರೆ ಅಂಚು ನಿಜವಾಗಿ ಯಾರಿಗೆ ಸೇರಿದ್ದು? ಗಡಿಯಲ್ಲಿ ಬದುಕುವ ನನಗೆ ಇದು ಬರಿಯ ಖಗೋಳದ ಪ್ರಶ್ನೆಯಾಗಿ ಉಳಿಯುವುದಿಲ್ಲ.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಅನಂತಪುರ ಜಿಲ್ಲೆಯೊಂದಿಗೆ ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗಗಳು ಅದರ ಲೆಕ್ಕಕ್ಕೆ ಸೇರಿದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳದ ಲೆಕ್ಕಕ್ಕೆ ಸೇರಿತು. ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು, ಅಂದರೆ ಇಂದಿನ ಹೇಮಾವತಿ, ಮಡಕಶಿರಾ ಸೀಮೆಯಲ್ಲಿದೆ. ಅಲ್ಲಿನ ಶಾಸನಗಳು ಕನ್ನಡದಲ್ಲಿವೆ. ಕಲ್ಲಿನ ಭಾಷೆ ಒಂದು, ಕಚೇರಿಯ ಭಾಷೆ ಇನ್ನೊಂದು.

ಹಾಗೆಂದು ಗೆರೆಯನ್ನೇ ಎಳೆಯಬಾರದಿತ್ತು ಎನ್ನಲಾರೆ. ಪಂಚಾಂಗಕ್ಕೆ ಉದಯದ ಗಳಿಗೆ ಬೇಕು, ಆಡಳಿತಕ್ಕೆ ಎಲ್ಲೆ ಬೇಕು. ಎಲ್ಲಿ ಎಳೆದರೂ ಯಾರದೋ ಮನೆ ಆಚೆ ಉಳಿಯುತ್ತದೆ. ಕರ್ನಾಟಕದ ಪಾವಗಡದಲ್ಲಿ ತೆಲುಗು ಮನೆಮಾತಿನವರಿದ್ದಾರಲ್ಲ! ನಾವು ಇಲ್ಲಿ ಕೇಳುವ ನ್ಯಾಯ ಅವರಿಗೂ ಅಲ್ಲಿ ಸಲ್ಲಬೇಕು.

ನನಗೆ ತೋರುವುದಿಷ್ಟು: ಅಂಚನ್ನು ತನ್ನ ಲೆಕ್ಕಕ್ಕೆ ಬರೆದುಕೊಂಡವರು ಅದರ ಹೊಣೆಯನ್ನೂ ಬರೆದುಕೊಳ್ಳಬೇಕು. 1956ರ ಏಳನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 350ಎ ವಿಧಿ ಹೇಳುವುದೂ ಇದನ್ನೇ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸುವುದಕ್ಕೆ ಪ್ರತಿಯೊಂದು ರಾಜ್ಯವೂ ಪ್ರಯತ್ನಿಸಬೇಕು. ಇದು ದಯೆಯಲ್ಲ, ಲೆಕ್ಕ ಸರಿಪಡಿಸುವ ಕೆಲಸ.

ಆಕಾಶದಲ್ಲಿ ಈ ಸರಿಪಡಿಕೆ ತಾನಾಗಿ ನಡೆಯುತ್ತದೆ. ಡಿಸೆಂಬರಿನಲ್ಲಿ ಹಿಂದೂಪುರದ ಹಗಲು ಹನ್ನೊಂದು ಗಂಟೆ ಇಪ್ಪತ್ತು ನಿಮಿಷದಷ್ಟಕ್ಕೆ ಇಳಿದರೂ ಜೂನ್ ಹೊತ್ತಿಗೆ ಹದಿಮೂರು ಗಂಟೆಯ ಹತ್ತಿರ ಬರುತ್ತದೆ. ಮಕ್ಕಳ ನಾಲಗೆಯಿಂದ ಜಾರಿದ ಭಾಷೆಯನ್ನು ಮರಳಿ ತರುವ ಅಂಥ ಅಕ್ಷ ಯಾವುದೂ ಇಲ್ಲ. ಆದ್ದರಿಂದ ಸರಕಾರಗಳಿಂದ ಬರಬೇಕಾದ್ದನ್ನು ಕೇಳುತ್ತಲೇ ಇರೋಣ, ಮನೆಯಲ್ಲಿ ನಾವೇ ಮಾಡಬೇಕಾದ್ದನ್ನು ನಾಳೆಗೆ ತಳ್ಳದಿರೋಣ.