ಮಂಚದ ಎತ್ತರ ಯಾರ ಅಳತೆಗೆ?

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನಮ್ಮ ಹಿರಿಯರು ಹೇಳಿದರು. ಅದು ಹಾಸಿಗೆಯ ಉದ್ದದ ಮಾತು. ಎತ್ತರದ ಬಗೆಗೆ ಅಂಥ ಗಾದೆಯೊಂದು ನಮಗೆ ನೆನಪಾಗುವುದಿಲ್ಲ. ಬಹುಶಃ ಅದರ ಅಗತ್ಯವೇ ಬೀಳಲಿಲ್ಲ. ಯಾರು ಮೇಲೆ, ಯಾರು ಕೆಳಗೆ ಎಂಬುದು ಮನೆಯಲ್ಲಿ ಎಲ್ಲರಿಗೂ ಮೊದಲೇ ತಿಳಿದಿತ್ತು.

ಜಹೀರಾಬಾದ, ನಾರಾಯಣಖೇಡ ತಾಲೂಕುಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು. ತಾಂಡೂರು ಗುಲಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಾದಾಗ ನಮ್ಮವರು ಮಲಗಿದ ಜಾಗದಿಂದ ಏಳದೆಯೇ ಬೇರೊಂದು ರಾಜ್ಯದವರಾದರು. ಹಾಸುವ ಹೊದೆಯುವ ರೂಢಿ ಮಾತ್ರ ಗಡಿಯ ಎರಡೂ ಕಡೆ ಒಂದೇ ಆಗಿ ಉಳಿಯಿತು. ಬೇಸಿಗೆಯಲ್ಲಿ ನೆಲವೇ ಹಿತ. ತಾಂಡೂರಿನ ನೀಲಿ ಛಾಯೆಯ ಸುಣ್ಣಕಲ್ಲಿನ ಹಾಸುಗಲ್ಲು ಹಾಕಿದ ಪಡಸಾಲೆಗೆ ಒಂದಿಷ್ಟು ನೀರು ಚಿಮುಕಿಸಿ, ಒರೆಸಿ, ಮೇಲೊಂದು ಜಮಖಾನೆ ಹಾಸಿದರೆ ಮಧ್ಯಾಹ್ನದ ನಿದ್ರೆಗೆ ಬೇರೇನೂ ಬೇಡ. ಮಳೆಗಾಲ ಬಂದು ಹಾವು ಚೇಳುಗಳ ಭಯ ಹುಟ್ಟಿದರೆ ಹೊರಸು ಅಂಗಳದಿಂದ ಒಳಗೆ ಬರುತ್ತಿತ್ತು. ಬಾಣಂತಿಗೆ ಹೊರಸೇ ಬೇಕಿತ್ತು. ಅದರ ಕೆಳಗೆ ಕೆಂಡದ ಪಾತ್ರೆ ಇಟ್ಟು ಬೆನ್ನಿಗೆ ಶಾಖ ಕೊಡುತ್ತಿದ್ದರು. ಹಗ್ಗದ ಹೆಣಿಗೆಯ ನಡುವಿನಿಂದ ಕಾವು ಮೇಲೇರಬೇಕು, ಕೆಂಡ ಮಾತ್ರ ಮೈಗೆ ತಾಗಬಾರದು. ಆ ಹೊರಸಿನ ಎತ್ತರವನ್ನು ನಿರ್ಧರಿಸಿದ್ದು ಈ ಲೆಕ್ಕ. ಪ್ರಾಣ ಹೋಗುವ ಹೊತ್ತಿಗೆ ಮನುಷ್ಯನನ್ನು ಮತ್ತೆ ನೆಲಕ್ಕೆ ಇಳಿಸುತ್ತಿದ್ದರು.

ಲೋಕದ ಬೇರೆ ಕಡೆಗಳಲ್ಲಿಯೂ ಹವೆ, ನೆಲ, ಬೆಂಕಿಗಳೇ ಹಾಸಿಗೆಯ ಎತ್ತರವನ್ನು ಬಹುಮಟ್ಟಿಗೆ ಗೊತ್ತುಮಾಡಿವೆ. ಕೊರಿಯಾದವರು ನೆಲದ ಅಡಿಯಲ್ಲಿ ಬಿಸಿ ಹೊಗೆ ಹಾಯಿಸಿ ನೆಲದ ಮೇಲೆಯೇ ಮಲಗಿದರು. ಉತ್ತರ ಚೀನಾದವರು ಒಲೆಯ ಕಾವು ಹರಿಯುವ ಇಟ್ಟಿಗೆಯ ಕಟ್ಟೆಯನ್ನೇ ಮಂಚ ಮಾಡಿಕೊಂಡರು. ಜಪಾನಿನವರು ಹುಲ್ಲುಚಾಪೆಯ ಮೇಲೆ ತೆಳ್ಳನೆಯ ಹಾಸಿಗೆ ಬಿಡಿಸಿ, ಬೆಳಗಾದೊಡನೆ ಮಡಚಿ ಗೂಡಿಗೆ ಸೇರಿಸಿದರು. ನಮ್ಮ ಕೌದಿಗಳ ಒಟ್ಟಿಲು ಕಂಡವರಿಗೆ ಇದು ಹೊಸದೆನಿಸದು. ಇವುಗಳಲ್ಲಿ ಯಾವುದು ಶ್ರೇಷ್ಠವೆಂದು ವಾದ ಹೂಡುವುದು ಕಾಲಹರಣ.

ಆದರೆ ಎತ್ತರವು ಹವೆಯ ಮಾತಾಗಿಯಷ್ಟೇ ಉಳಿಯಲಿಲ್ಲ. ಮನೆಯ ಹಿರಿಯ ಮಂಚದ ಮೇಲೆ ಕುಳಿತಿದ್ದರೆ ಸೊಸೆ ನೆಲದ ಮೇಲೆಯೂ ಅವನೆದುರು ಕೂಡುತ್ತಿರಲಿಲ್ಲ, ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದಳು. ಮೇಲುಜಾತಿಯವನು ಬೀದಿಯಲ್ಲಿ ಬಂದರೆ ಕೇರಿಯವನು ತನ್ನ ಮನೆಯ ಮುಂದೆ, ತನ್ನದೇ ಹೊರಸಿನಿಂದ ಎದ್ದು ನಿಲ್ಲಬೇಕಿತ್ತು. ಇದು ಪುರಾಣಕಾಲದ ಸಂಗತಿಯಲ್ಲ. ಕಂಡವರು ನಮ್ಮ ನಡುವೆ ಇನ್ನೂ ಇದ್ದಾರೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಕೆಳಗೆ ಮಲಗುವುದನ್ನು ನಮ್ಮ ನಾಡಿನ ಧರ್ಮಗಳು ಗುಣವೆಂದೇ ಕಂಡಿಲ್ಲವೆ? ಬೌದ್ಧರಲ್ಲಿ ಎಂಟು ಶೀಲಗಳನ್ನು ಹಿಡಿದವರು ಎತ್ತರದ, ಆಡಂಬರದ ಶಯ್ಯೆಯನ್ನು ಬಿಡಬೇಕು; ಭಿಕ್ಷುವಿನ ಮಂಚದ ಕಾಲುಗಳಿಗೆ ವಿನಯದ ನಿಯಮವು ಎಂಟು ಅಂಗುಲದ ಮಿತಿಯನ್ನು ಹಾಕಿದೆ. ದಿಗಂಬರ ಜೈನ ಮುನಿಗಳ ಮೂಲಗುಣಗಳಲ್ಲಿ ಭೂಶಯನವೂ ಒಂದು. ನಿಜ. ಆದರೆ ಬಿಡುವುದಕ್ಕೆ ಮೊದಲು ಮಂಚವೊಂದು ಇರಬೇಕಲ್ಲವೆ? ಏರಲು ಅಪ್ಪಣೆಯೇ ಇಲ್ಲದವನು ಬಿಡುವುದಾದರೂ ಏನನ್ನು? ವ್ರತಸ್ಥನ ನೆಲವೂ ಸೊಸೆಯ ನೆಲವೂ ಒಂದೇ ಕಲ್ಲಿನವು. ಒಂದೇ ಅರ್ಥದವು ಅಲ್ಲ.

ಇದು ನಮಗೆ ಹೊಳೆದದ್ದು ಗ್ರಂಥಗಳಿಂದಲ್ಲ, ನಮ್ಮ ಅವ್ವನಿಂದ. ಅವಳು ಐವತ್ತಕ್ಕೂ ಹೆಚ್ಚು ವರ್ಷ ನೆಲದ ಮೇಲೆ ಮಲಗಿದಳು. ಮಕ್ಕಳಾದ ನಾವು ಕೇಳಿದಾಗಲೆಲ್ಲ "ನಂಗ ನೆಲಾನೇ ಛಲೋ ಅನಸ್ತದ" ಎನ್ನುತ್ತಿದ್ದಳು. ನಾವು ನಂಬಿದೆವು, ನಂಬುವುದು ನಮಗೆ ಅನುಕೂಲವೂ ಆಗಿತ್ತು. ಮೊಣಕಾಲು ನೋವು ಹೆಚ್ಚಿ, ನೆಲದಿಂದ ಏಳಲು ಗೋಡೆ ಹಿಡಿಯುವಂತಾದಾಗ ನಾವೆಲ್ಲ ಕೂಡಿ ಒಳ್ಳೆಯ ಸಾಗವಾನಿ ಮಂಚ ತಂದೆವು. ಹಲಗೆಯವರೆಗೆ 16 ಇಂಚು, ಮೇಲೆ 6 ಇಂಚಿನ ಗಾದಿ. ಅವ್ವನಿಗೆ ದೊಡ್ಡ ಗೌರವ ಮಾಡಿದೆವೆಂದು ಬೀಗಿದೆವು. ಅವಳು ಅದರ ಅಂಚಿಗೆ ಕುಳಿತರೆ ಪಾದಗಳು ನೆಲಕ್ಕೆ ತಾಗುತ್ತಿರಲಿಲ್ಲ. ಒಂದು ರಾತ್ರಿ ಇಳಿಯುವಾಗ ಜಾರಿ ಬಿದ್ದಳು. ಮೂಳೆ ಮುರಿಯಲಿಲ್ಲವೆಂಬುದಷ್ಟೇ ಸಮಾಧಾನ.

ಅಂದು ಕೌದಿಯನ್ನು ಮತ್ತೆ ನೆಲಕ್ಕೆ ಹಾಸಹೋದ ನಮ್ಮನ್ನು ತಡೆದು ಅವಳು ಹೇಳಿದ ಮಾತು ಇದು: "ಬ್ಯಾಡ. ಮಂಚ ನಂಗ ಮದಲಿಂದ ಬೇಕಿತ್ತು. ಮಾವನೋರು ಹೊರಸಿನ ಮ್ಯಾಲ ಕುಂತಾಗ ನಾ ಹ್ಯಾಂಗ ಕೂಡ್ಲಿ? ಆಮ್ಯಾಲ ಕೇಳೂದು ಮರತೇ ಹೋತು."

ಒಬ್ಬರು "ನನಗಿದೇ ಇಷ್ಟ" ಎಂದಾಗ ಅದು ಇಷ್ಟವೋ, ದೀರ್ಘಕಾಲದ ವಿಧೇಯತೆಯೋ ಎಂದು ತಿಳಿಯುವುದು ಹೇಗೆ? ಎಲ್ಲರೆದುರು ಒಮ್ಮೆ ಕೇಳಿಬಿಟ್ಟರೆ ತಿಳಿಯದು. ಬೇರೆ ಉತ್ತರ ಕೊಟ್ಟರೂ ಯಾರಿಗೂ ಮುಜುಗರವಾಗದು, ಖರ್ಚಿನ ಮಾತೂ ಏಳದು ಎಂಬ ನೆಚ್ಚಿಕೆ ಹುಟ್ಟಬೇಕು. ಮಂಚವೂ ನೆಲವೂ ಎರಡೂ ಕೆಲವು ದಿನ ಕೈಗೆಟಕುವಂತಿರಬೇಕು. ಹಾಗಾದ ಮೇಲೆಯೂ ಒಬ್ಬಳು ನೆಲವನ್ನೇ ಆರಿಸಿಕೊಂಡರೆ ಅವಳನ್ನು ಉದ್ಧರಿಸಲು ಹೋಗುವುದು ಇನ್ನೊಂದು ಬಗೆಯ ಒತ್ತಾಯವಾದೀತು. ನಾವು ಮೊದಲು ಅವಳ ಮಾತನ್ನು ಅತಿಯಾಗಿ ನಂಬಿದೆವು. ಆಮೇಲೆ ಕೇಳದೆಯೇ ಮಂಚ ತಂದೆವು. ಎರಡು ಸಲವೂ ಅಳತೆ ನಮ್ಮದೇ ಆಗಿತ್ತು.

ಮರುದಿನ ಬಡಿಗೇರನನ್ನು ಕರೆಸಿದೆವು. ಅವನು ಮಂಚವನ್ನು ನೋಡುವ ಮೊದಲು "ಮಲಗೋರು ಯಾರ್ರಿ?" ಎಂದು ಕೇಳಿದ. ಅವ್ವನನ್ನು ಕುರ್ಚಿಯ ಮೇಲೆ ಕೂಡಿಸಿ, ಪಾದ ಪೂರ್ತಿ ನೆಲಕ್ಕೂರಿಸಿ, ಮೊಣಕಾಲಿನ ಹಿಂದಿನ ಮಡಿಕೆಯಿಂದ ಹಿಮ್ಮಡಿಯವರೆಗೆ ಅಳೆದ. 15 ಇಂಚು. ಇದಕ್ಕಿಂತ ಬಹಳ ತಗ್ಗಾದರೆ ಏಳುವಾಗ ತೊಡೆಯ ಸ್ನಾಯುಗಳಿಗೆ ಭಾರ, ಎತ್ತರವಾದರೆ ಪಾದಕ್ಕೆ ಆಧಾರವಿಲ್ಲ. ಗಾದಿ 4 ಇಂಚಿನ ಹತ್ತಿಯದಾಗಲಿ, ಅದು ಕೂತಾಗ ಒಂದಿಂಚು ಕುಗ್ಗುತ್ತದೆ ಎಂದು ಲೆಕ್ಕ ಹಾಕಿ, ನಾಲ್ಕೂ ಕಾಲುಗಳಿಂದ ನಾಲ್ಕು ನಾಲ್ಕು ಇಂಚು ಕೊಯ್ದ. ಒಳ್ಳೆಯ ಸಾಗವಾನಿ ಹಾಳಾಯಿತೆಂದು ನಮ್ಮಲ್ಲೊಬ್ಬರು ಗೊಣಗಿದ್ದೂ ಉಂಟು.

ಕೊಯ್ದ ನಾಲ್ಕು ತುಂಡುಗಳನ್ನು ಅವ್ವ ಒಲೆಗೆ ಹಾಕಗೊಡಲಿಲ್ಲ. ಬಟ್ಟೆಯಲ್ಲಿ ಕಟ್ಟಿ ಮಂಚದ ಕೆಳಗೇ ಇಟ್ಟಳು. ತನ್ನ ನಂತರ ಇದರ ಮೇಲೆ ಮಲಗುವವರು ಉದ್ದಕಾಲಿನವರಾದರೆ ಮತ್ತೆ ಹಚ್ಚಿಕೊಳ್ಳಲೆಂದು.