ಬಾಗಿಲ ಮರೆಯ ಚೀಟಿ

ಅಮೆರಿಕದಲ್ಲಿ ಪಿಕಪ್ ಟ್ರಕ್ಕಿನ ಚಾಲಕನ ಬಾಗಿಲು ತೆರೆದರೆ, ಬಾಗಿಲು ಬಂದು ಕೂರುವ ಕಂಬದ ಮೇಲೆ ಸಾಮಾನ್ಯವಾಗಿ ಅಂಗೈಯಗಲದ ಒಂದು ಚೀಟಿ ಕಾಣುತ್ತದೆ. ಬಿಳಿ ಚೀಟಿ, ಅದರಲ್ಲೊಂದು ಹಳದಿ ಪಟ್ಟಿ. ಜನ, ಸರಕು ಎರಡೂ ಸೇರಿ ಇಷ್ಟು ಕಿಲೋ ಮೀರಕೂಡದು ಎಂದು ಅಲ್ಲಿ ಅಚ್ಚಾಗಿರುತ್ತದೆ. ಒಂದೇ ಮಾದರಿಯ ಎರಡು ಟ್ರಕ್ಕುಗಳಲ್ಲಿ ಕೂಡ ಆ ಅಂಕಿ ಬೇರೆ ಬೇರೆ ಇರಬಹುದು. ಸೀಟಿಗೆ ಮೋಟರು, ಛಾವಣಿಗೆ ಗಾಜಿನ ಕಿಂಡಿ ಹಾಕಿಸಿಕೊಂಡವರಿಗೆ ಅಷ್ಟು ಕಿಲೋ ಕಾರ್ಖಾನೆಯಲ್ಲೇ ಖರ್ಚಾಗಿರುತ್ತದೆ. ಕೊಳ್ಳುವವರು ಎಂಜಿನ್ನಿನ ತಾಕತ್ತು ಕೇಳುತ್ತಾರೆ, ಮೈಲೇಜು ಕೇಳುತ್ತಾರೆ, ಬಣ್ಣದ ಬಗ್ಗೆ ಮನೆಯವರೊಡನೆ ಚರ್ಚೆ ಮಾಡುತ್ತಾರೆ. ಚೀಟಿ ಮಾತ್ರ ಬಾಗಿಲ ಮರೆಯಲ್ಲಿ ತನ್ನ ಪಾಡಿಗೆ ಇರುತ್ತದೆ.

ಅದನ್ನು ಓದದೆ ಇದ್ದರೆ ನಡೆಯದ ಒಂದು ಪಂಗಡವಿದೆ. ಪಿಕಪ್ಪಿನ ಹಿಂದಿನ ತೆರೆದ ತೊಟ್ಟಿಯಲ್ಲಿ ಪುಟ್ಟ ಮನೆಯೊಂದನ್ನು ಕೂರಿಸಿಕೊಂಡು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಅಲೆಯುವವರು. ಆ ಮನೆಗೆ ಟ್ರಕ್ ಕ್ಯಾಂಪರ್ ಎನ್ನುತ್ತಾರೆ. ಮಲಗುವ ಜಾಗ ಚಾಲಕನ ತಲೆಯ ಮೇಲಕ್ಕೆ ಚಾಚಿಕೊಂಡಿರುತ್ತದೆ. ಕೆಳಗೆ ಎರಡು ಬರ್ನರಿನ ಒಲೆ, ಸಿಂಕು, ಮಂಡಿಯೆತ್ತರದ ಫ್ರಿಜ್ಜು, ಇಬ್ಬರು ಎದುರುಬದುರು ಕೂತರೆ ಮೊಣಕಾಲು ತಾಗುವ ಮೇಜು. ನಾಲ್ಕು ಮೂಲೆಯಲ್ಲಿ ಜಾಕುಗಳಿರುವುದರಿಂದ ಬೇಕಾದಾಗ ಮನೆಯನ್ನು ಅವುಗಳ ಮೇಲೆ ನಿಲ್ಲಿಸಿ, ಟ್ರಕ್ಕನ್ನು ಅಡಿಯಿಂದ ಹೊರತೆಗೆದು, ದಿನಸಿಗೆಂದು ಪೇಟೆಗೆ ಹೋಗಿಬರಬಹುದು. ಮಕ್ಕಳನ್ನು ನೋಡಲು ಅಲ್ಲಿಗೆ ಹೋದ ನಮ್ಮ ಅಪ್ಪ ಅಮ್ಮಂದಿರು ಹೆದ್ದಾರಿಯಲ್ಲಿ ಇಂಥದ್ದನ್ನು ಕಂಡು ಬೆರಗಾಗಿರುವುದುಂಟು.

ದೀರ್ಘ ಪ್ರಯಾಣಕ್ಕೆ ಹೊರಡುವವರು ಮೊದಲು ಕೇಳುವುದು, ಯಾವ ಸೆಟಪ್ ಸರಿ ಎಂದು. ಕೇಳುವ ಹೊತ್ತಿಗೆ ಬಹುಪಾಲು ಮಂದಿ ಮನಸ್ಸಿನಲ್ಲಿ ಮನೆಯನ್ನು ಆರಿಸಿ ಆಗಿರುತ್ತದೆ. ಪ್ರದರ್ಶನದಲ್ಲಿ ಕಂಡ ದೊಡ್ಡ ಕ್ಯಾಂಪರು ಕಣ್ಣಿಗೆ ಕಟ್ಟಿರುತ್ತದೆ. ಬಚ್ಚಲಿದೆ, ಓವನ್ ಇದೆ, ಗುಂಡಿ ಒತ್ತಿದರೆ ಗೋಡೆ ಹೊರಚಾಚಿ ಕೋಣೆ ಅಗಲವಾಗುತ್ತದೆ. ಇನ್ನು ಅದನ್ನು ಹೊರಬಲ್ಲ ಟ್ರಕ್ಕು ಹುಡುಕಬೇಕು, ಇಲ್ಲವೇ ಮನೆಯಲ್ಲಿರುವ ಟ್ರಕ್ಕು ಹೊತ್ತೀತು ಎಂದು ನಂಬಬೇಕು. ನಂಬುವುದು ಅಗ್ಗ.

ಲೆಕ್ಕ ಮಾತ್ರ ಬೇರೆ ಹೇಳುತ್ತದೆ. ಅಲ್ಲಿನವರು ರೂಢಿಯಿಂದ ಅರ್ಧ ಟನ್ನಿನದು ಎಂದು ಕರೆಯುವ ಸಾಧಾರಣ ಪಿಕಪ್ಪಿನ ಚೀಟಿಯಲ್ಲಿ 650ರಿಂದ 900 ಕಿಲೋ ಇರುವುದು ಸಾಮಾನ್ಯ. ಬಚ್ಚಲು ಸಮೇತದ ಗಟ್ಟಿ ಗೋಡೆಯ ಕ್ಯಾಂಪರು ಖಾಲಿಯಿದ್ದಾಗಲೇ ಸಾವಿರ ಕಿಲೋ ಸುಲಭವಾಗಿ ದಾಟುತ್ತದೆ. ಅದೂ ತಯಾರಕರ ಕಾಗದದ ಮೇಲಿನ ಒಣ ತೂಕ. ನೀರಿನ ಟ್ಯಾಂಕು 150 ಲೀಟರಿನದಾದರೆ 150 ಕಿಲೋ ಅಲ್ಲೇ ಬಂತು. ಗ್ಯಾಸ್ ಸಿಲಿಂಡರು, ಬ್ಯಾಟರಿ, ಸೋಲಾರ್ ಹಲಗೆ, ಹಾಸಿಗೆ, ಪಾತ್ರೆ, ಅಕ್ಕಿ ಬೇಳೆ, ಗಂಡ, ಹೆಂಡತಿ, ನಾಯಿ. ಅನುಭವಸ್ಥರು ಒಣ ತೂಕಕ್ಕೆ ಕಣ್ಣುಮುಚ್ಚಿ 450 ಕಿಲೋ ಸೇರಿಸಿ ಎನ್ನುತ್ತಾರೆ. ತೂಕವಷ್ಟೇ ಸಾಲದು, ಅದರ ನಡುಬಿಂದು ಹಿಂದಿನ ಆಕ್ಸಲ್ಲಿಗಿಂತ ತುಸು ಮುಂದೆ ಬೀಳಬೇಕು. ಹಿಂದೆ ಬಿದ್ದರೆ ಮುಂದಿನ ಚಕ್ರದ ಹಿಡಿತ ಸಡಿಲವಾಗಿ ಸ್ಟಿಯರಿಂಗು ಹೇಳಿದ ಮಾತು ಕೇಳುವುದಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಇದರ ಮುಂದಿನ ಹಂತ. ಹೊರೆ ಹೆಚ್ಚಾಗಿ ಟ್ರಕ್ಕಿನ ಹಿಂಭಾಗ ಕುಸಿದಾಗ, ಆಕ್ಸಲ್ಲಿಗೂ ಚಾಸಿಗೂ ನಡುವೆ ರಬ್ಬರಿನ ಗಾಳಿಚೀಲ ಹಾಕಿಸುತ್ತಾರೆ. ಪಂಪಿನಿಂದ ಗಾಳಿ ತುಂಬಿದರೆ ಹಿಂಭಾಗ ಮೇಲೇಳುತ್ತದೆ, ಟ್ರಕ್ಕು ಮಟ್ಟಸವಾಗಿ ನಿಲ್ಲುತ್ತದೆ, ಕಣ್ಣಿಗೆ ಎಲ್ಲವೂ ಸರಿಯಾಗಿ ಕಾಣುತ್ತದೆ. ಚೀಟಿಯ ಅಂಕಿ ಮಾತ್ರ ಒಂದು ಕಿಲೋ ಕೂಡ ಬದಲಾಗಿರುವುದಿಲ್ಲ. ಟೈರು ಅದೇ, ಬ್ರೇಕು ಅದೇ, ಆಕ್ಸಲ್ಲು ಅದೇ. ಮಿತಿಯೊಳಗೇ ಇದ್ದು ಓಲಾಟ ಕಡಿಮೆಯಾಗಲೆಂದು ಹಾಕಿಸಿಕೊಂಡರೆ ಅದು ಒಳ್ಳೆಯ ಸಾಧನ, ಇಲ್ಲವೆನ್ನುವುದಿಲ್ಲ. ಮಿತಿ ಮೀರಿದವನು ಹಾಕಿಸಿಕೊಂಡರೆ ಅದು ಬಾಗಿದ ಬೆನ್ನಿಗೆ ಹೊದಿಸಿದ ಶಾಲು. ಸಾಲದ ಮೇಲೆ ಸಾಲ ಮಾಡಿ ಮದುವೆಯ ಚಪ್ಪರ ಹಾಕುವ ಮನೆಗಳಲ್ಲಿ, ನಿದ್ದೆಗೆಟ್ಟು ನಗುತ್ತಾ ಓಡಾಡುವ ಅಧಿಕಾರಿಗಳಲ್ಲಿ ನಾವು ನೋಡುವುದು ಇದನ್ನೇ ಅಲ್ಲವೇ? ಕುಸಿತ ಒಂದು ಸೂಚನೆ. ಸೂಚನೆಯನ್ನು ಮುಚ್ಚುವ ಉಪಾಯಕ್ಕೆ ನಾವು ತೆರುವ ಹಣ, ಹೊರೆ ಇಳಿಸುವುದಕ್ಕೆ ತಗಲುವುದಕ್ಕಿಂತ ಯಾವಾಗಲೂ ಹೆಚ್ಚು.

ಹೊರೆ ಎಲ್ಲಿಂದ ಬರುತ್ತದೆ? ಸುಖದ ಆಸೆಯಿಂದ ಎಂದುಕೊಳ್ಳುತ್ತೇವೆ. ನನಗೆ ಅದು ಅರ್ಧ ಮಾತ್ರ ನಿಜವೆನಿಸುತ್ತದೆ. ಉಳಿದರ್ಧ ಹೆದರಿಕೆ. ಎರಡನೆಯ ಸ್ಟೆಪ್ನಿ, ಮೂರನೆಯ ಟಾರ್ಚು, ಒಂದು ವೇಳೆ ಬೇಕಾದರೆ ಎಂದು ಒಳಸೇರುವ ಪ್ರತಿಯೊಂದು ಡಬ್ಬಿ. ಸಾಹಿತಿ ಜಾನ್ ಸ್ಟೈನ್‌ಬೆಕ್ 1960ರಲ್ಲಿ ತನ್ನ 58ನೇ ವಯಸ್ಸಿನಲ್ಲಿ ಇಂಥದ್ದೇ ಒಂದು ಕ್ಯಾಂಪರನ್ನು ಹೊಸ ಪಿಕಪ್ಪಿನ ಮೇಲೆ ಕೂರಿಸಿಕೊಂಡು, ಚಾರ್ಲಿ ಎಂಬ ನಾಯಿಯೊಡನೆ ತನ್ನ ದೇಶ ಸುತ್ತಲು ಹೊರಟ. ಟ್ರಕ್ಕಿಗೆ ಡಾನ್ ಕ್ವಿಕ್ಸಾಟ್‌ನ ಕುದುರೆಯ ಹೆಸರಿಟ್ಟ, ರೋಸಿನಾಂಟೆ ಎಂದು. ಅಗತ್ಯಕ್ಕಿಂತ ಎಷ್ಟೋ ಪಟ್ಟು ಸಾಮಾನು ತುಂಬಿಕೊಂಡದ್ದನ್ನು, ಬರೆಯಲೆಂದು ಒಯ್ದ ಕಾಗದದ ಗಂಟನ್ನೂ ಸೇರಿಸಿ, ತಾನೇ ನಗುತ್ತಾ 1962ರಲ್ಲಿ ಬಂದ ಪ್ರವಾಸ ಪುಸ್ತಕದಲ್ಲಿ ಬರೆದುಕೊಂಡಿದ್ದಾನೆ. ಅದೇ ಮನುಷ್ಯ ಬಟ್ಟೆ ಒಗೆಯಲು ಕಂಡುಕೊಂಡ ದಾರಿ ನೋಡಿ: ಮುಚ್ಚಳವಿರುವ ಪ್ಲಾಸ್ಟಿಕ್ ಬಕೆಟ್ಟಿಗೆ ನೀರು, ಸೋಪು, ಬಟ್ಟೆ ಹಾಕಿ ಎಳೆದರೆ ಹಿಗ್ಗುವ ಹಗ್ಗದಿಂದ ಕಟ್ಟಿ ತೂಗುಬಿಟ್ಟ. ದಾರಿಯ ಕುಲುಕಾಟವೇ ದಿನವಿಡೀ ಒಗೆಯಿತು. ಹೆದರಿಕೆ ಪೆಟ್ಟಿಗೆ ತುಂಬಿಸುತ್ತದೆ, ದಾರಿ ಬಕೆಟ್ಟಿನಲ್ಲಿ ಕೆಲಸ ಮುಗಿಸುತ್ತದೆ.

ಗಟ್ಟಿ ಗೋಡೆಯದೋ, ಛಾವಣಿ ಎತ್ತಿದರೆ ಬಟ್ಟೆಯ ಗೋಡೆ ಏಳುವ ಪಾಪ್‌ಅಪ್ ಮಾದರಿಯದೋ ಎಂಬ ವಾದ ಮುಗಿಯುವಂಥದ್ದಲ್ಲ. ಪಾಪ್‌ಅಪ್ ಹಗುರ, ತಗ್ಗು, ಗಾಳಿಗೆ ಓಲಾಡುವುದಿಲ್ಲ, ಕಾಡುದಾರಿಯ ಕೊಂಬೆಗಳಡಿ ನುಸುಳುತ್ತದೆ. ಆದರೆ ಹಿಮ ಬೀಳುವ ರಾತ್ರಿ ಬಟ್ಟೆಯ ಗೋಡೆ ಬಟ್ಟೆಯೇ. ವಯಸ್ಸು, ಸೊಂಟನೋವು, ಹೋಗಬೇಕಾದ ಸೀಮೆ ಇವು ತೀರ್ಮಾನಿಸಲಿ.

ನೀರಿನ ವಿಚಾರಕ್ಕೆ ಬರುತ್ತೇನೆ. ಊರಿನ ಮನೆಯಲ್ಲಿ ನೀರು ನಲ್ಲಿಯಿಂದ ಬರುತ್ತದೆ, ಮೋರಿಯಲ್ಲಿ ಮಾಯವಾಗುತ್ತದೆ. ಕ್ಯಾಂಪರಿನಲ್ಲಿ ಯಾವುದೂ ಮಾಯವಾಗುವುದಿಲ್ಲ. ಪಾತ್ರೆ ತೊಳೆದ ನೀರು ಅಡಿಯ ಒಂದು ಟ್ಯಾಂಕಿನಲ್ಲಿ, ಶೌಚದ್ದು ಇನ್ನೊಂದರಲ್ಲಿ. ಕೆಲವದರಲ್ಲಿ ಶೌಚಕ್ಕೆ ಸೂಟ್‌ಕೇಸಿನಂತೆ ಹಿಡಿಯಿರುವ ಡಬ್ಬಿ ಇರುತ್ತದೆ, 18-19 ಲೀಟರಿನದು. ಇಬ್ಬರಿದ್ದರೆ ಕೆಲವೇ ದಿನಗಳಲ್ಲಿ ತುಂಬುತ್ತದೆ. ತುಂಬಿದ್ದನ್ನು ಕೈಯಾರೆ ಎತ್ತಿ, ಅದಕ್ಕೆಂದೇ ಇರುವ ಜಾಗಕ್ಕೆ ಒಯ್ದು, ಸುರಿದು, ತೊಳೆದು ತರಬೇಕು. ನಿವೃತ್ತ ಪ್ರಾಧ್ಯಾಪಕನೂ ತೊಳೆಯಬೇಕು, ಷೇರಿನಲ್ಲಿ ಕೋಟಿ ಕಂಡವನೂ ತೊಳೆಯಬೇಕು. ನಮ್ಮ ನಗರಗಳಲ್ಲಿ ಈ ಕೆಲಸವನ್ನು ಒಂದು ಜಾತಿಯ ತಲೆಗೆ ಕಟ್ಟಿ, ಮ್ಯಾನ್‌ಹೋಲಿಗೆ ಇಳಿಸಿ, ಮೂಗು ಮುಚ್ಚಿಕೊಂಡು ನಡೆದುಹೋದ ನಾವು ಅಲೆಮಾರಿ ಬದುಕಿನಿಂದ ಕಲಿಯುವುದೇನಾದರೂ ಇದ್ದರೆ ನಕ್ಷತ್ರ ನೋಡುವುದಕ್ಕಿಂತ ಮೊದಲು ಇದು. ಯಾವ ಮಾದರಿ ಕೊಳ್ಳಲಿ ಎಂದು ಕೇಳುವವರಿಗೆ ಕಂಪನಿಗಳ ಬಣ್ಣದ ಪುಸ್ತಿಕೆಗಳು ಈ ಡಬ್ಬಿಯ ಚಿತ್ರವನ್ನು ದೊಡ್ಡದಾಗಿ ಹಾಕುವುದಿಲ್ಲ.

ಎಲ್ಲಿ ತಂಗುವುದು? ಅಮೆರಿಕದ ಪಶ್ಚಿಮದಲ್ಲಿ ಕೇಂದ್ರ ಸರ್ಕಾರದ ವಿಶಾಲ ಬಯಲುಗಳಿವೆ. ಅಲ್ಲಿ ಸಾಮಾನ್ಯವಾಗಿ ದುಡ್ಡು ಕೊಡದೆ, 28 ದಿನಗಳ ಅವಧಿಯಲ್ಲಿ 14 ದಿನ ಇರಬಹುದು, ಆಮೇಲೆ ಜಾಗ ಬಿಡಬೇಕು. ಅರಿಜೋನಾದ ಕ್ವಾರ್ಟ್ಸ್‌ಸೈಟ್ ಎಂಬ ಮರುಭೂಮಿಯ ಊರಿನ ಬಳಿ ಇದಕ್ಕೆ ವಿನಾಯಿತಿಯಿದೆ. ಅಲ್ಲಿ 180 ಡಾಲರಿಗೆ ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ, ಏಳು ತಿಂಗಳು ಇರಲು ಪರವಾನಗಿ ಕೊಡುತ್ತಾ ಬಂದಿದ್ದಾರೆ. ಚಳಿಗಾಲದಲ್ಲಿ ಊರಿನ ಸುತ್ತ ಗಾಡಿಮನೆಗಳ ಜಾತ್ರೆ. ಅದೇ ಊರಿನ ಸ್ಮಶಾನದಲ್ಲಿ ಕಲ್ಲಿನ ಪಿರಮಿಡ್ಡು, ಅದರ ತುದಿಯಲ್ಲೊಂದು ಲೋಹದ ಒಂಟೆ. 1856ರಲ್ಲಿ ಅಮೆರಿಕದ ಸೈನ್ಯ ಮರುಭೂಮಿಯಲ್ಲಿ ಹೊರೆ ಸಾಗಿಸಲು ಒಂಟೆಗಳನ್ನು ತರಿಸಿದಾಗ ಜೊತೆಗೆ ಬಂದ ಹಾಜಿ ಅಲಿಯ ಸಮಾಧಿ ಅದು. ಸೈನಿಕರ ಬಾಯಲ್ಲಿ ಹೈ ಜಾಲಿಯಾಗಿ, 1902ರಲ್ಲಿ ಅಲ್ಲೇ ತೀರಿಕೊಂಡ. ಹೊರೆಯ ಬಗ್ಗೆ ಬಲ್ಲವನೊಬ್ಬ ಅಲ್ಲಿ ಮಲಗಿದ್ದಾನೆ ಎಂಬುದು ನನಗಿಷ್ಟ.

ಆ ಜಾತ್ರೆಯಲ್ಲಿ ಅಕ್ಕಪಕ್ಕ ನಿಂತ ಎರಡು ಕ್ಯಾಂಪರುಗಳು ನೋಡಲು ಒಂದೇ ತರಹ ಇರಬಹುದು. ಒಂದರೊಳಗೆ, ಊರಿನ ಮನೆಯನ್ನು ಬಾಡಿಗೆಗೆ ಕೊಟ್ಟು ಬಂದ ದಂಪತಿ. ಇನ್ನೊಂದರೊಳಗೆ, ಬಾಡಿಗೆ ಕಟ್ಟಲಾಗದೆ ಮನೆ ಬಿಟ್ಟ ಒಂಟಿ ಹೆಂಗಸು. 2008ರ ಆರ್ಥಿಕ ಕುಸಿತದ ಬಳಿಕ ಹೀಗೆ ರಸ್ತೆಗೆ ಬಿದ್ದ ಹಿರಿಯರ ಬಗ್ಗೆ ಜೆಸ್ಸಿಕಾ ಬ್ರೂಡರ್ 2017ರಲ್ಲಿ ‘ನೊಮ್ಯಾಡ್‌ಲ್ಯಾಂಡ್’ ಬರೆದಳು. ಅದರ ಸಿನಿಮಾಕ್ಕೆ ಆಸ್ಕರ್ ಬಂತು. ಸರಳತೆಯನ್ನು ಹೊಗಳುವ ನಮ್ಮಂಥವರು ಇಲ್ಲಿ ಸ್ವಲ್ಪ ನಾಲಿಗೆ ಬಿಗಿಹಿಡಿಯಬೇಕು. ಬಿಟ್ಟುಬಂದವನ ಕಡಿಮೆ ಸಾಮಾನು ಬೇರೆ, ಕಳೆದುಕೊಂಡವಳ ಕಡಿಮೆ ಸಾಮಾನು ಬೇರೆ. ಮೊದಲನೆಯದಕ್ಕೆ ತತ್ತ್ವದ ಹೆಸರು ಒಪ್ಪುತ್ತದೆ. ಎರಡನೆಯದಕ್ಕೆ ಬೇಕಾದದ್ದು ಸೂರು.

ಸ್ಟೈನ್‌ಬೆಕ್‌ನ ಪಯಣವೂ ಅವನೇ ಒಪ್ಪಿಕೊಳ್ಳುವಂತೆ ಮನೆ ತಲುಪುವ ಮೊದಲೇ ಮುಗಿಯಿತು. ವರ್ಜೀನಿಯಾದ ಅಬಿಂಗ್‌ಡನ್ ಬಳಿ ಒಂದು ಸಂಜೆ ಪ್ರಯಾಣ ಅವನನ್ನು ಬಿಟ್ಟುಹೋಯಿತು. ಉಳಿದದ್ದು ಬರೀ ರಸ್ತೆ. ಅವನು ಪುಸ್ತಕದಲ್ಲಿ ಹೇಳಿದಷ್ಟು ರಾತ್ರಿ ಕ್ಯಾಂಪರಿನಲ್ಲಿ ಮಲಗಲಿಲ್ಲ, ಹೋಟೆಲುಗಳಲ್ಲೇ ಹೆಚ್ಚು ತಂಗಿದ್ದ ಎಂದು ಅವನ ಜಾಡು ಹಿಡಿದ ಪತ್ರಕರ್ತರು ಆಮೇಲೆ ತಕರಾರು ತೆಗೆದರು. ಅದು ನಿಜವಾದರೂ ನನಗೆ ಅವನ ಮೇಲೆ ಸಿಟ್ಟಿಲ್ಲ. ಬಿಸಿನೀರಿನ ಸ್ನಾನ ಬೇಕೆನಿಸಿದ ರಾತ್ರಿ ಹೋಟೆಲಿಗೆ ಹೋಗುವುದು ಸೋಲಲ್ಲ. ಬೇಕೆನಿಸಬಹುದಾದ ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ಹೊರಡುವುದಕ್ಕಿಂತ ಎಷ್ಟೋ ಹಗುರವಾದ ದಾರಿ ಅದು. ರೋಸಿನಾಂಟೆ ಈಗ ಕ್ಯಾಲಿಫೋರ್ನಿಯಾದ ಸಲೀನಸ್ ಊರಿನ ಸ್ಟೈನ್‌ಬೆಕ್ ವಸ್ತುಸಂಗ್ರಹಾಲಯದಲ್ಲಿದೆ.

ಟೆಕ್ಸಸ್ಸಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇರುವ ನಿಮ್ಮ ಮಗ, ಸೊಸೆ ಫೋನಿನಲ್ಲಿ ಇಂಥ ಯೋಚನೆ ಹೇಳಿಕೊಂಡರೆ ಹುಚ್ಚು ಎನ್ನಬೇಡಿ. ಕೊಳ್ಳುವ ಮೊದಲು ಒಂದು ವಾರಕ್ಕೆ ಬಾಡಿಗೆಗೆ ತೆಗೆದುಕೊಳ್ಳಲು ಹೇಳಿ, ಅದೂ ಚಳಿಯಲ್ಲೋ ಮಳೆಯಲ್ಲೋ. ಕೊಂಡ ಮೇಲೆ ನೀರು, ಸಾಮಾನು, ಜನ ಎಲ್ಲ ತುಂಬಿಕೊಂಡು ಹೆದ್ದಾರಿಯ ಟ್ರಕ್ ಸ್ಟಾಪಿನಲ್ಲಿರುವ ವೇಬ್ರಿಡ್ಜಿಗೆ ಹೋಗಲಿ. ಮುಂದಿನ ಆಕ್ಸಲ್ಲು ಇಷ್ಟು, ಹಿಂದಿನದು ಇಷ್ಟು ಎಂದು ಅಲ್ಲಿ ಅಚ್ಚು ಹಾಕಿ ಕೊಡುತ್ತಾರೆ. ಆ ರಸೀದಿಯನ್ನು ಬಾಗಿಲ ಕಂಬದ ಅಂಕಿಗಳ ಪಕ್ಕ ಹಿಡಿದು ನೋಡಿ, ಹೆಚ್ಚಾದದ್ದನ್ನು ಅಂದೇ ಇಳಿಸಲಿ.