ಇಂದಿನ ಚಿಂತನೆ: ಅರ್ಧಕ್ಕೆ ನಿಂತ ಮುಳ್ಳು



ನನ್ನ ಬೈಕಿನ ಪೆಟ್ರೋಲ್ ಮುಳ್ಳು ಆರು ತಿಂಗಳಿಂದ ಅರ್ಧಕ್ಕೇ ನಿಂತಿತ್ತು. ಟ್ಯಾಂಕ್ ಅಲುಗಾಡಿಸಿ, ಸಪ್ಪಳ ಕೇಳಿ ಅಂದಾಜು ಮಾಡುವುದು ನನಗೆ ರೂಢಿ. ಮೊನ್ನೆ ಸಹೋದ್ಯೋಗಿಯೊಬ್ಬರು, ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದ ತಾಯಿಯನ್ನು ನೋಡಲು, ಧಾರವಾಡದಿಂದ ಅದನ್ನೇ ಒಯ್ದರು. ರಾಯಾಪುರದ ಬಳಿ ಪೆಟ್ರೋಲ್ ಖಾಲಿ. ಬಿಸಿಲಲ್ಲಿ ಬಂಕಿನವರೆಗೆ ತಳ್ಳಿ, ಆಸ್ಪತ್ರೆ ಮುಟ್ಟುವಷ್ಟರಲ್ಲಿ ಭೇಟಿಯ ಹೊತ್ತು ಮುಗಿದಿತ್ತು. "ಮುಳ್ಳು ಅರ್ಧಾ ತೋರಸ್ತಿತ್ತಲ್ರೀ ಸರ್" ಎಂದರಷ್ಟೆ.

ಮೆಕ್ಯಾನಿಕ್ ಬಿಚ್ಚಿ ತೋರಿಸಿದ. ಪೆಟ್ರೋಲಿನ ಮೇಲೆ ತೇಲುವ ಫ್ಲೋಟಿನ ತೋಳು ತುಕ್ಕಿನಿಂದ ಸಿಕ್ಕಿಕೊಂಡಿತ್ತು. ಪೆಟ್ರೋಲ್ ಇಳಿದರೂ ಅದು ಇಳಿಯುತ್ತಿರಲಿಲ್ಲ. ಪಾಪ, ಮುಳ್ಳಿಗೆ ಫ್ಲೋಟ್ ಹೇಳಿದ್ದಷ್ಟೇ ಗೊತ್ತು. ನನಗೆ ನಿಜವೇ ಗೊತ್ತಿತ್ತು.

ಕೀಲಿ ಕೊಡುವಾಗ ನೆನಪೂ ಆಗಿತ್ತು. ಇನ್ನೂ ರಿಪೇರಿ ಮಾಡಿಸಿಲ್ಲವೇ ಎಂದಾರೆಂದು ನಾಚಿ ಸುಮ್ಮನಾದೆ. ನಾಲ್ಕನೇ ಶೀಲ ಆಡಿದ ಮಾತಿಗಷ್ಟೇ ಎಂದುಕೊಂಡಿದ್ದೆ.

ನಿನ್ನೆ ಅವರ ಮನೆಗೆ ಹೋಗಿ, "ನಂಗ ಗೊತ್ತಿತ್ರೀ" ಎಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ.